ಜ್ವರವಿಲ್ಲದ ನಾಲ್ಕು ದಿನ

ವೈದ್ಯರಲ್ಲದವರು ರೋಗದ ಕಥೆ ಹೇಳಹೊರಡುವುದು ಉದ್ಧಟತನವೇ. ತಿಳಿದವರು ಮನ್ನಿಸಬೇಕು. ತಪ್ಪಿದ್ದರೆ ತಿದ್ದಿ, ಆದರೆ ಕೇಳದೆ ಹೋಗಬೇಡಿ.

೨೦೦೭ರ ಜನವರಿ. ಫರೀದಾಬಾದ್‌ನಲ್ಲಿ ಬೆಳಗ್ಗೆ ಹತ್ತಾದರೂ ಮಂಜು ಕರಗುತ್ತಿರಲಿಲ್ಲ. ಕೇಂದ್ರ ಸರ್ಕಾರದ ಗುಮಾಸ್ತ ಕೇಶವಮೂರ್ತಿಯ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ಕೆಮ್ಮು ಹಿಡಿಯಿತು: ಕಾಲೇಜಿಗೆ ಹೋಗುವ ಮಗಳು ಅನನ್ಯಾಗೆ, ಎಪ್ಪತ್ತೆಂಟರ ತಾಯಿ ಸುಶೀಲಮ್ಮನಿಗೆ.

ಅನನ್ಯಾಗೆ ನೂರಮೂರು ಜ್ವರ. ಕೇಶವಮೂರ್ತಿ ರಜೆ ಹಾಕಿ ಅಂದೇ ಆಸ್ಪತ್ರೆಗೆ ಸೇರಿಸಿದ. ನ್ಯುಮೋನಿಯಾ ಎಂದರು. ಹೆಂಡತಿ ರತ್ನಾ ಮಗಳ ಜೊತೆ ಅಲ್ಲೇ ಉಳಿದಳು. ತಾಯಿಯ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ತೊಂಬತ್ತೆಂಟು ದಾಟಲಿಲ್ಲ. ಸದ್ಯ, ಅಮ್ಮನಾದರೂ ಗಟ್ಟಿಯಾಗಿದ್ದಾಳಲ್ಲ ಎಂದುಕೊಂಡ.

ಎರಡನೆಯ ದಿನ ಸುಶೀಲಮ್ಮ ಊಟದ ತಟ್ಟೆ ದೂಡಿದರು. ಮೂರನೆಯ ದಿನ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತವರು, "ಎಮ್ಮೆಗೆ ಹಿಂಡಿ ಇಟ್ಟೆಯೇನೋ?" ಎಂದರು.

ಕೇಶವಮೂರ್ತಿ ನಕ್ಕ. "ಅಮ್ಮಂಗೆ ಊರು ನೆನಪಾಗಿದೆ. ಚಲೋ ಅಮ್ಮ, ಹೋಳಿ ರಜಕ್ಕೆ ಟಿಕೆಟ್ ಮಾಡಿಸ್ತೀನಿ."

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ನಿವೃತ್ತ ನರ್ಸ್ ಇಂದಿರಾ ನಗಲಿಲ್ಲ.

"ಮೊದಲು ಎಂದಾದರೂ ಹೀಗೆ ಮಾತಾಡಿದ್ರಾ, ಮೂರ್ತಿಯವರೇ?"

"ಇಲ್ಲ. ವಯಸ್ಸಾಯ್ತಲ್ಲ."

"ವಯಸ್ಸು ಏನು ಮೊನ್ನೆ ಸೋಮವಾರ ಆಯ್ತಾ? ಉಸಿರು ಎಣಿಸಿ ನೋಡಿ."

"ಜ್ವರಾನೇ ಇಲ್ವಲ್ಲ ಮೇಡಂ! ರಿಟೈರ್ ಆದ್ರೂ ನಿಮ್ಮ ವಾರ್ಡ್ ರೌಂಡ್ ನಿಲ್ಲಲಿಲ್ಲ."

"ವಯಸ್ಸಾದ ಮೈಗೆ ಕೆಲವು ಸಲ ಜ್ವರ ಏರಿಸೋ ಶಕ್ತೀನೂ ಇರಲ್ಲ. ಊಟ ಬಿಡೋದು, ಮಂಪರು, ಏನೇನೋ ಮಾತಾಡೋದು, ಅದೇ ಅವರ ಜ್ವರ. ಇವತ್ತೇ ಕರ್ಕೊಂಡು ಹೋಗಿ."

"ಅಚ್ಛಾ, ನಾಳೆ ನೋಡೋಣ. ಈ ಚಳೀಲಿ ಹೇಗೆ ಹೊರಡಿಸ್ಲಿ?"

ಬೆಳಗಾದಾಗ ಸುಶೀಲಮ್ಮನ ತುಟಿ ನೀಲಿಗಟ್ಟಿತ್ತು. ಇಂದಿರಾ ಓಡಿಬಂದು ಗಡಿಯಾರ ನೋಡುತ್ತ ಎಣಿಸಿದರು. ಉಸಿರು ನಿಮಿಷಕ್ಕೆ ಮೂವತ್ತಾರು.

ಮಗಳಿದ್ದ ಆಸ್ಪತ್ರೆಗೇ ತಾಯಿಯನ್ನೂ ಸೇರಿಸಿದರು. "ಇಬ್ಬರದೂ ನ್ಯುಮೋನಿಯಾನೇ," ಎಂದರು ಡಾಕ್ಟರ್. "ಔಷಧಿಯೂ ಹೆಚ್ಚುಕಡಿಮೆ ಅದೇ. ಆದ್ರೆ ಇಪ್ಪತ್ತರ ದೇಹ ತಡೆದಷ್ಟು ಎಂಬತ್ತರದ್ದು ತಡೆಯಲ್ಲ. ಶ್ವಾಸಕೋಶದ ಜೊತೆಗೆ ಹೃದಯ, ಕಿಡ್ನಿ ಎಲ್ಲಾ ದಣಿಯುತ್ತೆ. ಇಂಥವರನ್ನೇ ಬೇಗ ತರಬೇಕು."

"ನಾಲ್ಕು ದಿನ ನನ್ನ ಕಣ್ಣೆದುರೇ ಇದ್ರು, ಡಾಕ್ಟ್ರೇ."



ಆರನೆಯ ದಿನ ಅನನ್ಯಾ ತಾನೇ ನಡೆದು ಮನೆಗೆ ಬಂದಳು. "ಪಪ್ಪಾ, ಅಜ್ಜಿ ಕಬ್ ಆಯೇಂಗೀ, ಯಾವಾಗ ಬರ್ತಾರೆ?" ಎಂದು ದಿನವೂ ಕೇಳಿದಳು. "ಬರ್ತಾರೆ" ಎನ್ನುವ ಧೈರ್ಯ ಅವನಿಗೆ ಮೂರೇ ದಿನ ಉಳಿಯಿತು. ಅದರ ಮರುದಿನ ಆಸ್ಪತ್ರೆಯಲ್ಲೇ ಸುಶೀಲಮ್ಮ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತ ಆಫೀಸಿನ ಗೆಳೆಯ ಗೋಪಿನಾಥ, "ನಮ್ಮಪ್ಪನಿಗೂ ಕೆಮ್ಮು. ಎರಡು ದಿನದಿಂದ ಬರೀ ನಿದ್ದೆ. ಸದ್ಯ, ಜ್ವರ ಇಲ್ಲ," ಎಂದ.

ಬಡಿಸುತ್ತಿದ್ದ ಕೇಶವಮೂರ್ತಿಯ ಕೈ ನಿಂತಿತು. ಎಲೆಯ ಮುಂದಿನಿಂದ ಯಾರನ್ನೂ ಎಬ್ಬಿಸಬಾರದು. ಅದು ಅವನಿಗೂ ಗೊತ್ತು. ತೋಳು ಹಿಡಿದು ಎಬ್ಬಿಸಿದ. "ಏಳೋ! ಊಟ ಆಮೇಲೆ. ಮೊದಲು ಅವರನ್ನ ಆಸ್ಪತ್ರೆಗೆ ಸೇರಿಸು. ಆಟೋ ನಾನು ತರ್ತೀನಿ."

ಓದುವವರೇ, ಮನೆಯ ಹಿರಿಯರು ಕೆಮ್ಮುತ್ತ ಊಟ ಬಿಟ್ಟರೆ, ಮಂಪರಾದರೆ, ಇಲ್ಲದ್ದು ಆಡಿದರೆ, ಸುಮ್ಮನೆ ಕೂತಿರುವಾಗಲೂ ಉಸಿರು ನಿಮಿಷಕ್ಕೆ ಇಪ್ಪತ್ತೈದು ದಾಟಿದರೆ, ಜ್ವರ ಬರಲೆಂದು ಕಾಯಬೇಡಿ. ಊರಿನ ನೆನಪು, ವಯಸ್ಸು ಎಂದು ತಳ್ಳಿಹಾಕಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.

ಎರಡು ದಿನ ಮೊದಲೇ ಕರೆದೊಯ್ದಿದ್ದರೆ ಸುಶೀಲಮ್ಮ ಉಳಿಯುತ್ತಿದ್ದರೇ? ಕೇಶವಮೂರ್ತಿ ಡಾಕ್ಟರನ್ನು ಕೇಳಿದ, ಇಂದಿರಾ ಅವರನ್ನೂ ಕೇಳಿದ. ಖಂಡಿತವಾಗಿ ಹೇಳಲಾಗದು ಎಂದರು ಇಬ್ಬರೂ. ಇದನ್ನು ಬರೆದವರಿಗೂ ಗೊತ್ತಿಲ್ಲ.