ಗೋಣಿಮರದ ಒಕ್ಕಲು

ಮಂಡಕಳ್ಳಿಯಲ್ಲಿ ರಸ್ತೆ ಅಗಲವಾಗುವಾಗ ಅಲ್ಲಿದ್ದ ಗೋಣಿಮರವನ್ನು ಕಡಿಯಲಿಲ್ಲ. ಕೊಂಬೆ ಸವರಿ, ಬೇರಿನ ಮಣ್ಣಿಗೆ ಚೀಲ ಸುತ್ತಿ, ಕ್ರೇನಿನಲ್ಲಿ ಎತ್ತಿ, ಹೂಟಗಳ್ಳಿಯ ಹೊಸ ಬಡಾವಣೆಯ ಹುಲ್ಲುಹಾಸಿನ ನಡುವೆ ತಂದು ನಿಲ್ಲಿಸಿದರು. ನಿಂತು ಎತ್ತಿಸಿದವನೂ ನೆಟ್ಟವನೂ ತೋಟಗಾರ ಚೆಲುವಯ್ಯ.

ಎರಡು ಮಳೆಗಾಲ ಕಳೆಯಿತು. ಮರ ಚಿಗುರಿತು, ಹಣ್ಣೂ ಬಿಟ್ಟಿತು. ಆದರೆ ಒಂದು ಕಾಗೆಯೂ ಬಂದು ಕೂರಲಿಲ್ಲ. ಇರುವೆ ಹತ್ತಲಿಲ್ಲ. ಹಣ್ಣು ಉದುರಿದಲ್ಲೇ ಒಣಗಿತು. ನೆರಳಿಗೆಂದು ಕಲ್ಲುಬೆಂಚಿನ ಮೇಲೆ ಕೂತವರು ತುಸು ಹೊತ್ತಿಗೇ ಎದ್ದು ಬಿಸಿಲಿಗೆ ಹೋಗುತ್ತಿದ್ದರು.

"ಖಾಲಿ ಮನೇಲಿ ಕೂತ ಹಾಗಾಗುತ್ತೆ ಚೆಲುವಯ್ಯ," ಎಂದರು ಬಡಾವಣೆಯ ವಾಣಿ ಮೇಡಮ್ಮು.

ಆ ಮಾತು ಅವನ ಎದೆಯಲ್ಲಿ ಕೂತಿತು. ಊಟದ ಹೊತ್ತಿಗೆ ಹೆಂಡತಿ ಕೆಂಚಮ್ಮನಿಗೆ ಹೇಳಿದ.

"ಎತ್ತೋ ಹಿಂದಿನ ದಿನ ಮರಕ್ಕೆ ಏನಂತ ಹೇಳಿದ್ದೆ ನೀನು?"

"ಎಲ್ಲಾ ಮರಕ್ಕೂ ಹೇಳೋದೇ. ಅರಿಶಿನ ಕುಂಕುಮ ಇಟ್ಟು, ಎಲೆ ಅಡಿಕೆ ಮಡಗಿ, ಇಲ್ಲಿರೋರು ತಪ್ಪು ತಿಳ್ಕಬ್ಯಾಡಿ, ನಾಳೆ ಕೊಡಲಿ ಬೀಳ್ತದೆ, ಬ್ಯಾರೆ ಮರ ನೋಡ್ಕಳಿ ಅಂದೆ."

"ಅದು ಕಡಿಯೋ ಮರಕ್ಕೆ ಹೇಳೋ ಮಾತು. ನೀನು ಕಡಿಲಿಲ್ವಲ್ಲ. ಮನೇನ ಹೊತ್ಕಬಂದು, ಮನೆಯೋರ್ನ ಬೀದೀಲಿ ಬುಟ್ಬುಟ್ಟೆ."

ಚೆಲುವಯ್ಯ ಮುದ್ದೆ ಮುಗಿಸಿ ಎದ್ದು ಎಲೆ ಅಡಿಕೆ ತೆಗೆದಿಟ್ಟ.

ಮರುದಿನ ಬೆಳಿಗ್ಗೆ ಮಂಡಕಳ್ಳಿಗೆ ಹೋದ. ಮರವಿದ್ದ ಜಾಗದಲ್ಲಿ ಈಗ ಡಾಂಬರು. ಅದರ ಮೇಲೆ, ಆಗ ಕೊಂಬೆಗಳಿದ್ದ ಎತ್ತರದಲ್ಲೇ, ಗಿಳಿಗಳು ಸುತ್ತುತ್ತಿದ್ದವು. ಕೂರಲು ಏನೂ ಇರಲಿಲ್ಲ. ರಸ್ತೆಯಂಚಿನಲ್ಲಿ ಎಲೆ ಅಡಿಕೆ ಇಟ್ಟು ಕೈಮುಗಿದ. "ನಂದೇ ತಪ್ಪು. ನಿಮ್ಮನೆ ಇನ್ನೂ ಅದೆ. ಬನ್ನಿ, ತೋರಿಸ್ತೀನಿ."

ಹೀಗೆ ಕರೆದವರು ತಿರುಗಿ ನೋಡಬಾರದು. ನೋಡಿದರೆ ಬರುವವರು ಅಲ್ಲೇ ನಿಂತುಬಿಡುತ್ತಾರೆ. ಅವನು ಬಸ್ಸನ್ನೂ ಹತ್ತಲಿಲ್ಲ. ಅವರಿಗೆ ಬಸ್ಸು ಹತ್ತಿ ರೂಢಿ ಇದೆಯೋ ಇಲ್ಲವೋ. ಸಿಗ್ನಲ್ಲುಗಳಲ್ಲಿ ಎಲ್ಲರೂ ದಾಟಲೆಂದು ನಿಧಾನಿಸುತ್ತ, ದೇವರ ಹೆಸರು ಹೇಳುತ್ತ ನಡೆದ. ಬೆನ್ನಿಗೆ ಗಾಳಿಯೂ ತಾಕಲಿಲ್ಲ. ಬರುತ್ತಿದ್ದಾರೋ ಇಲ್ಲವೋ ತಿಳಿಯುವ ಬಗೆಯೇ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಡಾವಣೆಯ ಗೇಟು ಬಂತು. ಕಾವಲಿನ ಸಾಗರ್ ಅಡ್ಡ ನಿಂತ.

"ನೀವು ಹೋಗಿ ಚೆಲುವಣ್ಣ. ಇಷ್ಟು ಜನಾನ ಎಂಗೆ ಬಿಡಾದು? ಯಾರ ಮನೆಗೆ?"

ಚೆಲುವಯ್ಯ ತಿರುಗಲಿಲ್ಲ. "ಅವರ ಮನೆಗೇ ಕಣಪ್ಪ. ಬುಡು."

ಸಾಗರ್ ಅವನ ಹೆಗಲಾಚೆ ನೋಡಿದ. "ಪಾಪ, ಆ ಅಜ್ಜಿ ಕಾಲಲ್ಲಿ ಚಪ್ಪಲೀನೂ ಇಲ್ಲ," ಎಂದು ಗೇಟನ್ನು ಪೂರ್ತಿ ತೆಗೆದ.

ಚೆಲುವಯ್ಯ ಒಳಗೆ ನಡೆದ. ಅವನು ಮರದ ಬಳಿ ಬಂದು ನಿಂತಾಗಲೂ, ಹಿಂದೆ ಗೇಟು ಮುಚ್ಚಿದ ಸದ್ದು ಕೇಳಿರಲಿಲ್ಲ.