ತೋಂಡುಪ್ ಕಾಯಿಸಿದ ಎರಡು ರಾತ್ರಿ

ತೋಂಡುಪ್ ಆಜಂಗ್ ಅವರ ನಡಿಗೆಯಷ್ಟು ನಿಧಾನವಾದ ನಡಿಗೆಯನ್ನು ಲೇಹ್‌ನ ಸುತ್ತಿನ ಯಾವ ಕಣಿವೆಯಲ್ಲೂ ನಾನು ಕಂಡಿಲ್ಲ. ಒಂದು ಹೆಜ್ಜೆ, ಒಂದು ಪೂರ್ಣ ಉಸಿರು, ಮತ್ತೊಂದು ಹೆಜ್ಜೆ. ಕಂದು ಉಣ್ಣೆಯ ನಿಲುವಂಗಿಯ ಅಂಚು ಕೂಡ ಅಲುಗುತ್ತಿರಲಿಲ್ಲ. ಚಾರಣಿಗರಿಗೆ ಅವರು ದಾರಿ ತೋರುವವರು, ನಾನು ಅಡುಗೆಯವನು. ಆಜಂಗ್ ಎಂದರೆ ಮಾವ; ಹಿರಿಯರೆಂದು ಹಾಗೆ ಕರೆಯುತ್ತಿದ್ದೆ. ಹನ್ನೊಂದು ಬೇಸಿಗೆ ಆ ಬೆನ್ನನ್ನೇ ನೋಡುತ್ತ ನಡೆದೆ.

ವಿಮಾನ ಇಳಿದು ಬಂದವರನ್ನು ಅವರು ಕುಶಲ ಕೇಳುತ್ತಿರಲಿಲ್ಲ. "ತಲೆ ಭಾರ ಇದೆಯಾ? ಮೂತ್ರ ಸರಿಯಾಗಿ ಹೋಯ್ತಾ?" ಗಾಳಿ ತೆಳುವಾದ ಆ ಎತ್ತರಕ್ಕೆ ಮೈ ಒಗ್ಗಲೆಂದು ಎರಡು ದಿನ ಸುಮ್ಮನೆ ಮಲಗಿಸಿ, ಮೂರನೆಯ ದಿನ ಗುಡ್ಡ ಹತ್ತಿಸಿ, ಸಂಜೆಗೆ ಮತ್ತೆ ಕೆಳಗಿಳಿಸಿ ಮಲಗಿಸುವರು. "ಇಳಿಸೋದಕ್ಕೇ ಹತ್ತಿಸಿದ್ರಾ?" ಎಂದು ಕಟ್ಟುಮಸ್ತಾದ ಯುವಕನೊಬ್ಬ ಹಂಗಿಸಿದಾಗ, "ನಿನ್ನ ಕಾಲು ಬಂದಿದೆ, ರಕ್ತ ಇನ್ನೂ ದಿಲ್ಲೀಲೇ ಇದೆ. ಅದೂ ಬರಲಿ, ಹೋಗೋಣ" ಎಂದಿದ್ದರು.

ಈ ಹಟದ ಹಿಂದೊಂದು ಮರಣವಿತ್ತು. ಜಮ್ಮುವಿನ ಬಯಲಿನಲ್ಲಿ ಚಳಿಗಾಲ ಕಳೆದು ಬಂದ ಅವರ ತಮ್ಮ ಜಿಗ್ಮತ್, ಬೆಟ್ಟದಲ್ಲಿ ಹುಟ್ಟಿದ ಮೈಗೆ ವಿಶ್ರಾಂತಿ ಯಾಕೆಂದು ಅಂದೇ ಮೇಲಿನ ಹುಲ್ಲುಗಾವಲಿಗೆ ಹೊರಟಿದ್ದ. ಶ್ವಾಸಕೋಶದಲ್ಲಿ ನೀರು ತುಂಬಿ, ಮರುದಿನ ಅಣ್ಣನ ತೊಡೆಯ ಮೇಲೆ ಪ್ರಾಣಬಿಟ್ಟ.

ಅದೇ ಹುಲ್ಲುಗಾವಲಿನ ಡೇರೆಯಲ್ಲಿ ಮುಂದೊಂದು ವರ್ಷ ಅವರ ಹೆಂಡತಿ ಯಾಂಗ್‌ಡೋಲ್ ಹಾಸಿಗೆ ಹಿಡಿದರು. ಕೆಳಗೆ ಹೊತ್ತು ತರುವ ಸ್ಥಿತಿಯೂ ಮೀರಿತ್ತು. ಜಮ್ಮುವಿನಲ್ಲಿ ಓದುತ್ತಿದ್ದ ಮಗಳು ಛೋರೋಲ್ ಸುದ್ದಿ ಕೇಳಿ ಹೊರಟಳೆಂದು ತಿಳಿದೊಡನೆ, ಹೆಂಡತಿಯನ್ನು ತಮ್ಮ ಅಕ್ಕನ ಕೈಗೊಪ್ಪಿಸಿ, ಮಗಳನ್ನು ತಡೆಯಲೆಂದೇ ತೋಂಡುಪ್, ಅವಳು ಮೊದಲು ಬಂದಿಳಿಯುವ ಲೇಹ್‌ನ ನನ್ನ ಮನೆಗೆ ಇಳಿದು ಬಂದರು.

"ಆಬಾ, ನಾನು ಅಲ್ಲೇ ಹುಟ್ಟಿದವಳು. ನಂಗೇನಾಗುತ್ತೆ?"

"ಜಿಗ್ಮತೂ ಅಲ್ಲೇ ಹುಟ್ಟಿದವನು. ಎರಡು ರಾತ್ರಿ ಇರು."

"ಅಷ್ಟರವರೆಗೆ ಆಮಾ ಇರ್ತಾಳಾ?"

"ಗೊತ್ತಿಲ್ಲ ಮಗಳೇ."

ಎರಡು ದಿನವೂ ಅವರು ಬಾಗಿಲ ಬಳಿಯೇ ಕುಳಿತಿದ್ದರು. ಅವಳು ತಲೆನೋವನ್ನು ಮುಚ್ಚಿಟ್ಟಳು. ತುಟಿ ನೀಲಿಗಟ್ಟಿದ್ದನ್ನು ಮುಚ್ಚಿಡಲಾಗಲಿಲ್ಲ. ಮೂರನೆಯ ಬೆಳಗ್ಗೆ ತುಟಿಗೆ ಮೊದಲಿನ ಬಣ್ಣ ಮರಳಿದ ಮೇಲೆ ಮೂವರೂ ಹೊರಟೆವು. ದಾರಿಯಲ್ಲೊಮ್ಮೆ ತಂಗಿ, ಮರುದಿನ ಮಧ್ಯಾಹ್ನ ಡೇರೆ ಮುಟ್ಟಿದೆವು. ಅವಳ ಅತ್ತೆ ಹೊರಗೇ ನಿಂತಿದ್ದಳು.

"ನಿನ್ನೆ ಸಂಜೆ ಹೋದ್ಲು, ಛೋರೋಲ್. ಕೊನೇತನಕ ನಿನ್ನ ಹೆಸರೇ ಹೇಳ್ತಿದ್ಲು."

ಛೋರೋಲ್ ಅಳಲಿಲ್ಲ. ತಂದೆಯತ್ತ ತಿರುಗಿ, "ಆ ಎರಡು ದಿನ ಯಾರು ವಾಪಸ್ ಕೊಡ್ತಾರೆ ಆಬಾ?" ಎಂದಳು. ಅವರು ಒಳಹೊಕ್ಕು, ಹೆಂಡತಿಯ ಕಾಲಬಳಿ ಕುಳಿತು, ಜಾರಿದ್ದ ಹೊದಿಕೆಯನ್ನು ಮೆಲ್ಲನೆ ಸರಿಪಡಿಸಿದರು.

ವರ್ಷವಿಡೀ ಅವಳು ತಂದೆಯೊಡನೆ ಮಾತಾಡಲಿಲ್ಲ. ಮರುಬೇಸಿಗೆ ಒಬ್ಬಳೇ ನನ್ನ ಮನೆಗೆ ಬಂದು, ಚೀಲ ಇಳಿಸಿ, ಗೋಡೆಯ ಕಡೆ ಮುಖಮಾಡಿ ಮಲಗಿದಳು. "ಎರಡು ರಾತ್ರಿ ಇರ್ತೀನಿ ಆಚೊ. ಆಮೇಲೆ ಮೇಲೆ ಹೋಗಿ ಆಬಾನ್ನ ನೋಡ್ತೀನಿ" ಎಂದಳು, ನನ್ನನ್ನು ಎಂದಿನಂತೆ ಅಣ್ಣನೆಂದು ಕರೆದು. ಕ್ಷಮಿಸಿದಳೇ ಎಂದು ನಾನು ಕೇಳಲಿಲ್ಲ.

ಇಂಥವರಿಗೆ ತಮ್ಮ ಪರವಾಗಿ ತೋರಿಸಲು ಸಾಕ್ಷ್ಯವೇ ಇರುವುದಿಲ್ಲ. ಅವರು ತಪ್ಪಿಸಿದ ಸಾವು ಯಾರ ಕಣ್ಣಿಗೂ ಬೀಳದು. ಅವರು ಕಾಯಿಸಿದ ಹೊತ್ತು ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಮಾಡಿದ್ದು ಸರಿಯೇ ಎಂಬುದು ತಮಗೂ ಕೊನೆಯವರೆಗೆ ತಿಳಿಯದೆ, ಅವರು ತಮ್ಮವರ ಮುನಿಸನ್ನು ಹೊತ್ತು ಬದುಕುತ್ತಾರೆ. ಮುನಿಯಲು ಆ ತಮ್ಮವರು ಉಳಿದಿದ್ದಾರೆಂಬುದೇ ಅವರಿಗೆ ಸಾಕು.