ಸೊಂಟಕ್ಕೆ ಬೀಸುವ ಗಾಳಿ

ಹನ್ನೆರಡು ಗಂಟೆಗೆ ಸರಿಯಾಗಿ ಹಮ್ದಿಯಾ ಲಾರಿ ಹೊರಡಿಸುವವನಿದ್ದ. ಆಗಲೇ ಹನ್ನೊಂದೂಕಾಲು. ಸ್ರೆತೆನ್‌ನ ಕಂಪ್ಯೂಟರ್ ಪರದೆ ಮಾತ್ರ ಮುಖ ಕಪ್ಪು ಮಾಡಿಕೊಂಡು ಕೂತಿತ್ತು. ‘ಸಿಗ್ನಲ್ ಇಲ್ಲ’ ಎಂಬ ಎರಡು ಪದ ಬಿಟ್ಟರೆ ಅದರಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

ಅವನ ಹೆಂಡತಿ ವಿದೊಸಾವಾ ಕಾಫಿ ಪಾತ್ರೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಸ್ರೆತೆನ್ ಮತ್ತು ತುಜ್ಲಾದ ಹಮ್ದಿಯಾ ಒಂದೇ ಲಾರಿಯಲ್ಲಿ ಹದಿನೆಂಟು ವರ್ಷ ಸರದಿಯ ಮೇಲೆ ಸ್ಟಿಯರಿಂಗ್ ಹಿಡಿದವರು. ಯುದ್ಧ ಬಂತು, ದೇಶ ಒಡೆಯಿತು, ಒಬ್ಬ ಗಡಿಯ ಆಚೆ ತುಜ್ಲಾದಲ್ಲಿ ಉಳಿದ, ಒಬ್ಬ ಈಚೆ ನಿಶ್‌ನಲ್ಲಿ. ಎಪ್ಪತ್ತು ದಾಟಿದ ಮೇಲೆ ಇಬ್ಬರೂ ಕಂಪ್ಯೂಟರಿನ ಲಾರಿ ಆಟದಲ್ಲಿ ಮತ್ತೆ ಸಿಕ್ಕಿದ್ದರು. ಇವತ್ತು ಮೂರು ಗಂಟೆಗೆ ಹಮ್ದಿಯಾ ಆಸ್ಪತ್ರೆ ಸೇರಬೇಕು, ನಾಳೆ ಹೃದಯದ ಆಪರೇಷನ್. ಅದಕ್ಕೆ ಮೊದಲು ಒಂದೇ ಒಂದು ಸಲ ಹಳೇ ದಾರಿ, ನಿಶ್‌ನಿಂದ ಸರಾಯೆವೊಗೆ, ಜೊತೆಯಾಗಿ ಓಡಿಸೋಣ ಎಂದು ಅವನೇ ಕೇಳಿದ್ದ.

ಅದಕ್ಕೆಂದೇ ಸ್ರೆತೆನ್ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ಹಳೆಯದರಲ್ಲಿ ಬೆಟ್ಟದ ದಾರಿ ಬಂದರೆ ಚಿತ್ರ ಮುಗ್ಗರಿಸುತ್ತಿತ್ತು. ನಿನ್ನೆ ಸಂಜೆ ಹೊಸದರಲ್ಲಿ ದ್ರೀನಾ ನದಿಯ ನೀರು ಕೂಡ ಮಿನುಗಿದ್ದು ಕಂಡು ಮುದುಕ ಮಗುವಿನ ಹಾಗೆ ಕುಣಿದಿದ್ದ. ಬೆಳಗ್ಗೆ ಎದ್ದು ನೋಡಿದರೆ ಹೀಗೆ.

ಮೂರನೇ ಮಹಡಿಯ ತಿಹೊಮಿರ್‌ನನ್ನು ಕರೆಸಿದ್ದಾಯಿತು. ಲಿಫ್ಟ್ ರಿಪೇರಿ ಅವನ ಕೆಲಸ, ಇಡೀ ಕಟ್ಟಡದ ಕಂಪ್ಯೂಟರ್‌ಗಳಿಗೆ ಪುಕ್ಕಟೆ ವೈದ್ಯ. ಕಾಫಿ ಕುಡಿಯದೆ ಸ್ಕ್ರೂಡ್ರೈವರ್ ಮುಟ್ಟುವ ಜಾತಿಯವನಲ್ಲ. ಕುಡಿದ, ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದ. ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ. ಹಾಗಾದರೆ ಕಾರ್ಡೇ ಸರಿಯಾಗಿ ಕೂತಿಲ್ಲ ಎಂದು ತೀರ್ಪು ಕೊಟ್ಟ. ಕೇಬಲ್ ಕಿತ್ತ, ಕಾರ್ಡ್ ಹೊರಗೆಳೆದ, ಅದರ ಅಂಚನ್ನು ರಬ್ಬರಿನಿಂದ ಉಜ್ಜಿದ, ಮತ್ತೆ ಒತ್ತಿ ಕೂರಿಸಿದ. ಕೇಬಲ್ಲನ್ನು ಎಲ್ಲಿಂದ ಕಿತ್ತಿದ್ದನೋ ಅಲ್ಲಿಗೇ ಚುಚ್ಚಿದ. ಪರದೆ ಜಪ್ಪಯ್ಯ ಅನ್ನಲಿಲ್ಲ.

ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಉಣ್ಣೆಯ ಮೆತ್ತೆ ಅಂಟಿಸಿತ್ತು, ಸುತ್ತ ಕ್ರೋಶಾ ಅಂಚು. ವಿದೊಸಾವಾಳ ಕೈಕೆಲಸ. ಕೇಬಲ್ ಗಿಡ್ಡವಾದ್ದರಿಂದ ಪೆಟ್ಟಿಗೆ ಸ್ಟೂಲಿನ ಮೇಲೆ ಸ್ರೆತೆನ್‌ಗೆ ಬೆನ್ನು ಹಾಕಿ ಕೂತಿತ್ತು, ಹೊಸ ಕಾರ್ಡಿನ ಗಾಳಿ ನಿನ್ನೆ ನೆಟ್ಟಗೆ ಅವನ ಸೊಂಟಕ್ಕೆ ಬೀಸಿತ್ತು. ಸೊಂಟಕ್ಕೆ ಗಾಳಿ ಬಡಿದರೆ ಕಿಡ್ನಿ ಹಾಳು ಎಂಬುದನ್ನು ನಿಶ್‌ನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಿಹೊಮಿರ್ ಆ ಮೆತ್ತೆಯನ್ನು ನೋಡಿ ತಲೆದೂಗಿ, ಒಳ್ಳೇ ಕೆಲಸ ಮಾಡಿದಿರಿ ಎಂದಿದ್ದ. ಅದನ್ನು ಎತ್ತಿ ನೋಡುವ ಯೋಚನೆ ಆ ಮಹಾ ತಜ್ಞನ ತಲೆಗೆ ಹೊಳೆಯಲೇ ಇಲ್ಲ.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ಮೆಮೊರಿ ಪಟ್ಟಿ ಕಿತ್ತು ಮತ್ತೆ ಹಾಕಿದ್ದಾಯಿತು, ಕರೆಂಟಿನ ವೈರು ಬದಲಾಯಿಸಿದ್ದಾಯಿತು. ಸ್ರೆತೆನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ವಿದೊಸಾವಾ ಆ ಬಾಗಿದ ಬೆನ್ನನ್ನೇ ನೋಡುತ್ತಿದ್ದಳು.

“ಸ್ರೆತೆನ್ ಚಿಕ್ಕಪ್ಪ, ನಿನ್ನೆ ಬಂತು, ಇವತ್ತು ಇಲ್ಲ ಅಂದ್ರೆ ಮಧ್ಯೆ ಏನೋ ಬದಲಾಗಿದೆ,” ಎಂದ ತಿಹೊಮಿರ್. “ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?”

“ಯಾರು ಮುಟ್ತಾರೆ? ನಾನು ಮಲಗಿದ್ದೆ.”

ವಿದೊಸಾವಾ ಮೆತ್ತೆಯ ಕಡೆ ನೋಡಿದಳು. ಬಾಯಿ ಬಿಟ್ಟರೆ ನಲವತ್ತೈದು ವರ್ಷ ಗಂಡನನ್ನು ಗಾಳಿ ಗಾಳಿ ಎಂದು ಕಾಡಿದ್ದಕ್ಕೆಲ್ಲ ಈಗ ಸೇರಿಸಿ ಬೈಸಿಕೊಳ್ಳಬೇಕು. ಬಿಡದಿದ್ದರೆ ತುಜ್ಲಾದಲ್ಲಿ ಒಬ್ಬ ಕಾದು ಕಾದು ಆಸ್ಪತ್ರೆಗೆ ಎದ್ದು ಹೋಗುತ್ತಾನೆ. ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

“ಮೆತ್ತೆ ಅಂಟಿಸೋವಾಗ ಕೇಬಲ್ ಅಡ್ಡ ಬಂತು,” ಎಂದಳು. “ಕೆಳಗಿನ ತೂತಿಂದ ತೆಗೆದು ಮೇಲೆ ಹಾಕ್ದೆ. ಎರಡೂ ಒಂದೇ ಥರ ಇತ್ತಪ್ಪ.”

ತಿಹೊಮಿರ್ ಹಣೆ ಚಚ್ಚಿಕೊಂಡ. ಮೇಲಿನ ತೂತು ಮದರ್‌ಬೋರ್ಡಿನದು, ಕಾರ್ಡ್ ಹಾಕಿದ ಮೇಲೆ ಅಲ್ಲಿಂದ ಚಿತ್ರ ಬರುವುದಿಲ್ಲ, ಕಾರ್ಡಿನ ತೂತು ಮೆತ್ತೆಯ ಅಡಿಯಲ್ಲಿದೆ ಎಂದು ಅವನು ವಿವರಿಸುತ್ತಲೇ ಇದ್ದ, ಅಷ್ಟರಲ್ಲಿ ವಿದೊಸಾವಾ ತನ್ನ ಕೈಯಾರೆ ಮೆತ್ತೆಯನ್ನು ಪರ್ರನೆ ಕಿತ್ತೆಸೆದು ಕೇಬಲ್ಲನ್ನು ಕೆಳಗೆ ಚುಚ್ಚಿದಳು.

ಪರದೆ ಝಗ್ಗನೆ ಬೆಳಗಿತು. ಸ್ರೆತೆನ್ ಓಡಿ ಬಂದ ರಭಸಕ್ಕೆ ಒಂದು ಚಪ್ಪಲಿ ಕಿಟಕಿಯ ಹತ್ತಿರವೇ ಉಳಿಯಿತು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಸ್ಪೀಕರಿನಿಂದ ಏದುಸಿರಿನ ದನಿ ಬಂತು.

“ಎಲ್ಲಿ ಹಾಳಾಗಿ ಹೋಗಿದ್ಯೋ ಕತ್ತೆ? ಎಂಜಿನ್ ಬಿಸಿ ಮಾಡ್ಕೊಂಡು ಆಗ್ಲಿಂದ ಕೂತಿದೀನಿ.”

ಸ್ರೆತೆನ್ ಕುರ್ಚಿಯಲ್ಲಿ ಕೂತು ತನ್ನ ಎಂಜಿನ್ನೂ ಚಾಲೂ ಮಾಡಿದ. ಗಾಳಿ ಅವನ ಸೊಂಟಕ್ಕೆ ಬೀಸಲು ಶುರುವಾಗಿತ್ತು. ವಿದೊಸಾವಾಳ ಕೈ ತಾನಾಗಿ ಮೆತ್ತೆಯ ಕಡೆ ಹೋಯಿತು. ಗಾಳಿ ಕಟ್ಟಿದರೆ ಕಾರ್ಡ್ ಕಾದು ಅರ್ಧ ದಾರಿಯಲ್ಲೇ ನಿಂತೀತು ಎಂದ ತಿಹೊಮಿರ್. ಅವಳು ಕೈ ಹಿಂದೆಗೆದುಕೊಂಡು, ತನ್ನ ಉಣ್ಣೆ ಶಾಲು ತಂದು ಗಂಡನ ಸೊಂಟಕ್ಕೆ ಬಿಗಿದಳು.

“ಕಿಟಕಿ ಏರಿಸಿದ್ಯಾ ಇಲ್ವಾ?” ಎಂದು ಕೇಳಿತು ತುಜ್ಲಾದ ದನಿ. ಹದಿನೆಂಟು ವರ್ಷವೂ ಲಾರಿಯಲ್ಲಿ, ಗಾಳಿಗೆ ಹೆದರುವ ಹಮ್ದಿಯಾನದು ಅದೇ ಜಗಳ.

ವಿದೊಸಾವಾ ಬಗ್ಗಿ ಮೈಕಿಗೆ ಬಾಯಿ ಹಚ್ಚಿದಳು. “ಇಲ್ಲ ಹಮ್ದಿಯಾ, ಬೀಸ್ತಾ ಇದೆ. ಇವತ್ತೊಂದಿನ ಬೀಸ್ಲಿ ಬಿಡು. ಆಪರೇಷನ್ ಮುಗಿಸ್ಕೊಂಡು ಇಲ್ಲಿಗೆ ಬಾ, ನಿಂಗೋಸ್ಕರ ಒಂದು ಸಂದಿ ಬಿಡದ ಹಾಗೆ ಮನೆ ಮುಚ್ತೀನಿ.”

ಆ ಕಡೆಯಿಂದ ಎರಡು ಸಲ ಹಾರ್ನ್. ಸ್ರೆತೆನ್ ಕಣ್ಣೊರೆಸಿಕೊಂಡು ತಾನೂ ಎರಡು ಸಲ ಒತ್ತಿದ. ಪರದೆಯ ಮೇಲೆ ಎರಡು ಲಾರಿಗಳೂ ಒಂದರ ಹಿಂದೊಂದು ಹೊರಟವು. ವಿದೊಸಾವಾ ಕುರ್ಚಿ ಎಳೆದುಕೊಂಡು ಗಂಡನ ಪಕ್ಕದಲ್ಲಿ, ಆ ಗಾಳಿಯಲ್ಲೇ ಕೂತಳು.